ತಂತಿಯ ಮೇಲಿನ ಕೆಂಪು ಟವೆಲು

ಕೆಂಪು ಟವೆಲೊಂದು, ಅದರ ಅಂಚು ಕಿಟಕಿಯ ನೀಲಿ ಕಂಬಿಗೆ ತಾಗಿ, ಸರಿದು, ಮತ್ತೆ ತಾಗಿ ಸುಮ್ಮನಾಗುತ್ತಿದೆ, ಮದುಮಗಳು ಹಮ್ಮಾಮಿನ ಸ್ನಾನ ಮುಗಿಸಿ ತಂದದ್ದೇ ಇರಬೇಕು, ಇನ್ನೂ ಒದ್ದೆ, ಅಂಚಿನಿಂದ ಹನಿ ಇಳಿದು ಹೊಸ ಸುಣ್ಣದ ಗೋಡೆಯ ಮೇಲೆ ಬೂದು ಗೆರೆ ಎಳೆಯುತ್ತಿದೆ, ಎಷ್ಟು ಚೆಂದ ಬಣ್ಣ, ಎಂದುಕೊಳ್ಳುತ್ತಲೇ ಉಲ್ಫಾ ಹೊಸಿಲು ದಾಟಿದಳು, ಕೈಯಲ್ಲಿ ಅಮ್ಮ ಕೊಟ್ಟು ಕಳಿಸಿದ ಬಾದಾಮಿ ಸಿಹಿಯ ಡಬ್ಬಿ, ತಲೆಯಲ್ಲಿ ಬೆಳಗಿನಿಂದ ತಪಾಸಣೆಗೆಂದು ನೋಡಿ ಬಂದ ಖರ್ಜೂರದ ಮರಗಳು — ಕಡಲ ದಂಡೆಯ ಹೋಟೆಲಿನವು, ಶಾಲೆಯ ಅಂಗಳದವು, ಖಬರಸ್ತಾನದ ಗೋಡೆಗುಂಟ ಸಾಲಾಗಿ ನಿಂತವು — ಒಂದರ ಹಿಂದೊಂದು ತಲೆ ಕೆದರಿಕೊಂಡು ಕಣ್ಣೊಳಗೆ ಸರಿಯುತ್ತಿವೆ, ಸಾಕು, ಇವತ್ತು ಇನ್ನು ಒಂದು ಮರವನ್ನೂ ನೋಡುವುದಿಲ್ಲ, ಇವತ್ತು ದೋರ್ಸಾಫಳ ಮದರಂಗಿ, ಒಂದೇ ಗೋಡೆಯ ಆಚೀಚೆ ಬೆಳೆದವಳ ಮದರಂಗಿ, ಒಂದು ಮೂಲೆ ಹಿಡಿದು ಕೂತು ಎಲ್ಲರ ಅಂಗೈ ನೋಡುವುದು ಅಷ್ಟೇ — ಆದರೆ ಆ ಟವೆಲು ತೂಗುತ್ತಿರುವುದು ಯಾವುದರ ಮೇಲೆ? ಈ ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಇರುವುದು ಚಾವಣಿಯ ಹಿಂಬದಿಗೆ, ಇದು ಹಗ್ಗವಲ್ಲ, ತಂತಿ, ಹೊಸದು, ಚಾವಣಿಯ ಕಬ್ಬಿಣದ ಕಟಾಂಜನಕ್ಕೆ ಬಿಗಿದದ್ದು, ಅಲ್ಲಿಂದ ತುಸು ಜೋತುಬಿದ್ದು, ಅಂಗಳದ ಮೇಲೆ ಹಾದು, ಮೇಲೇರಿ — ಬೇಡ, ನೋಡಬೇಡ — ನೋಡಿದಳು. ಅಂಗಳದ ನಟ್ಟನಡುವಿನ ಖರ್ಜೂರದ ಮರ, ಹಣ್ಣಿಗಲ್ಲದೆ ಚೆಂದಕ್ಕೆಂದೇ ನೆಟ್ಟ ದೊಡ್ಡ ತಲೆಯ ಜಾತಿ, ಆನೆಗಾಲಿನಂಥ ಬೊಡ್ಡೆ, ಮನೆಗಿಂತ ಎತ್ತರ, ಅದರ ಗರಿಗಳನ್ನು ಜುಟ್ಟಿನಂತೆ ಒಟ್ಟುಮಾಡಿ ತಂತಿಯಲ್ಲಿ ಕಟ್ಟಿ ಮನೆಯ ಕಡೆಗೆ ಎಳೆದು ಹಿಡಿದಿದ್ದಾರೆ, ಎಳೆದು ಹಿಡಿಯಬೇಕಾಯಿತೆಂದರೆ ಅದು ಆಚೆಗೆ ವಾಲಿತ್ತು ಅಂತಲ್ಲವೆ, ನೆಟ್ಟಗೆ ನಿಂತದ್ದನ್ನು ಯಾರು ಎಳೆದು ಕಟ್ಟುತ್ತಾರೆ, ಬುಡದಿಂದ ಕುತ್ತಿಗೆಯವರೆಗೆ ಸುಣ್ಣ, ಕೆಳಗಿನ ಗರಿಗಳನ್ನೆಲ್ಲ ಸವರಿ ಅನಾನಸಿನ ಹಾಗೆ ದುಂಡಗೆ ಮಾಡಿದ್ದಾರೆ, ಸವರಿದ ಗಾಯ ಇನ್ನೂ ಹಸಿ, ಇಲ್ಲಿಗೇ ವಾಸನೆ ಬರುತ್ತಿದೆ, ಸಿಹಿ, ಸ್ವಲ್ಪ ಹುಳಿ, ಮನುಷ್ಯರಿಗೆ ಹಿತವಾಗಿಯೇ ಇರುವ ವಾಸನೆ, ಮರವನ್ನು ಒಳಗಿನಿಂದ ತಿಂದು ಟೊಳ್ಳು ಮಾಡುವ ಕೆಂಪುಮೂತಿ ಹುಳುವಿಗೆ ಮಾತ್ರ ಊಟಕ್ಕೆ ಕರೆದ ಹಾಗೆ. ಬಿಸಿಲುಕಾಲದಲ್ಲಿ ಖರ್ಜೂರಕ್ಕೆ ಕತ್ತಿ ಹಾಕಬಾರದು ಅಂತ ಈ ಮರ್ಸಾ ಊರಲ್ಲಿ ಯಾರಿಗೆ ಗೊತ್ತಿಲ್ಲ, ಆದರೆ ಮದುವೆಗಳು ಬರುವುದೇ ಬಿಸಿಲುಕಾಲದಲ್ಲಿ, ಮದುವೆ ಬಂತೆಂದರೆ ಗೋಡೆಗೆ ಸುಣ್ಣ, ಮರಕ್ಕೆ ಕ್ಷೌರ, ಹಾಗಾಗಿ ಹುಳು ಮದುವೆಯಿಂದ ಮದುವೆಗೆ ಹೋಗುತ್ತದೆ, ಕರೆಯೋಲೆ ಕೊಟ್ಟವರ ಹಾಗೆ ಮನೆ ತಪ್ಪದೆ. ಮರದ ಅಡಿಯಲ್ಲಿ, ಸರಿಯಾಗಿ ಅಡಿಯಲ್ಲಿ, ಮದುಮಗಳು ಕೂರುವ ಹೊಂಬಣ್ಣದ ಕುರ್ಚಿ.

ಬಂದ್ಯಾ ಕೂಸೇ, ಬಾ ಬಾ, ಅಲ್ಯಾಕೆ ಕಂಬದ ಹಾಗೆ ನಿಂತೆ, ಎಂದು ಬೆಯಾ ಖಾಲ್ತಿ ಬಂದು ಎರಡೂ ಕೆನ್ನೆಗೆ ಮುತ್ತಿಟ್ಟಳು, ದೋರ್ಸಾಫಳ ತಾಯಿ, ಬಳಗವೇನಲ್ಲ, ಆದರೆ ಅಮ್ಮ ದುಡಿಯಲು ಹೋದ ಮಧ್ಯಾಹ್ನಗಳಲ್ಲಿ ಶಾಲೆಯಿಂದ ಬಂದ ಉಲ್ಫಾಳಿಗೆ ಉಣ್ಣಲಿಕ್ಕೆ ಹಾಕಿದ್ದು ಈ ಕೈ, ಹಾಗಾಗಿ ಖಾಲ್ತಿ, ಅಮ್ಮನ ತಂಗಿಯ ಹಾಗೆ, ಅವಳ ಸೆರಗಿನಲ್ಲಿ ಧೂಪದ ಹೊಗೆ, ಕೈಯಲ್ಲಿ ಸುಣ್ಣದ ಬಿರುಕು, ಗೋಡೆಗೆಲ್ಲ ತಾನೇ ಬಳಿದಳೇನೋ, ಮರಕ್ಕೂ. ಮರ ನೋಡ್ತಿದೀಯಾ, ಇವತ್ತಾದ್ರೂ ಬಿಡೇ, ನಿನ್ನ ಕಣ್ಣು ಬಿದ್ದ ಮರ ಉಳಿದಿದ್ದುಂಟಾ, ಎಂದು ನಕ್ಕಳು, ಸುತ್ತ ಕೂತು ಬಾದಾಮಿ ಸುಲಿಯುತ್ತಿದ್ದ ಹೆಂಗಸರೂ ನಕ್ಕರು, ಉಲ್ಫಾಳೂ ನಕ್ಕಳು, ಅವಳಿಗೆ ಯಾವಾಗಲೂ ನಗುವುದು ಸುಲಭ, ಮಾತಾಡುವುದು ಕಷ್ಟ. ಓಣಿಯಲ್ಲಿ ಅವಳ ಹೆಸರೇ ಕೆಂಪು ಚುಕ್ಕೆಯವಳು — ಚೆನ್ನಾಗಿರುವ ಮರಕ್ಕೆ ಹಸಿರು ಚುಕ್ಕೆ, ಮದ್ದು ಕೊಟ್ಟರೆ ಉಳಿಯುವುದಕ್ಕೆ ಹಳದಿ, ಕಡಿಯಬೇಕಾದದ್ದಕ್ಕೆ ಕೆಂಪು, ಹೋದ ಚಳಿಗಾಲ ಅವಳು ಕೆಂಪು ಇಟ್ಟ ಮೊದಲ ಮರ ಅವಳ ಮನೆಯದ್ದೇ, ಈಗ ಅಮ್ಮ ಆ ಮೋಟಿನ ಮೇಲೆ ಪುದೀನದ ಕುಂಡ ಇಟ್ಟಿದ್ದಾಳೆ, ದಿನಾ ನೀರು ಹಾಕುತ್ತಾಳೆ. ಆಮೇಲೆ ಎದುರು ಮನೆಯದು, ತಿರುವಿನದು, ಮಸೀದಿಯ ಹಿಂದಿನವು. ಓಣಿಯಲ್ಲಿ ಉಳಿದಿರುವುದು ಇದೊಂದೇ, ಉಳಿದದ್ದು ಹೇಗೆಂದರೆ ತಪಾಸಣೆಯವರು ಬಂದಾಗಲೆಲ್ಲ ಬೆಯಾ ಖಾಲ್ತಿ ಮನೆಯಲ್ಲಿ ಯಾರೂ ಇಲ್ಲವೆಂಬಂತೆ ಬಾಗಿಲು ಹಾಕಿಕೊಂಡಳು, ಬಾಗಿಲ ಆಚೆ ಉಲ್ಫಾಳೇ ನಿಂತಿದ್ದಳು ಒಮ್ಮೆ, ಒಳಗೆ ರೇಡಿಯೋ ತಣ್ಣಗೆ ಆರಿದ್ದು ಕೇಳಿಸಿತ್ತು, ಎರಡನೆಯ ಸಲ ತಟ್ಟಲಿಲ್ಲ. ಗಾಬೆಸ್ ಊರ ಕಡೆಯ ಮರ ಸವರೋನೊಬ್ಬ ಬಂದಿದ್ದ ಕಣೇ, ಎಷ್ಟು ಚೆನ್ನಾಗಿ ಮಾಡಿದಾನೆ ನೋಡು, ಸ್ವಲ್ಪ ಸೊಂಟ ಸೊಟ್ಟಗಿತ್ತು, ತಂತಿ ಹಾಕಿ ನೆಟ್ಟಗೆ ನಿಲ್ಲಿಸ್ದ, ಮೈಮೇಲೆ ನಾಲ್ಕು ತೂತಿತ್ತು, ಗಿಲಾವು ಮೆತ್ತಿದೀವಿ, ಹುಳ ಇದ್ರೆ ಒಳಗೇ ಉಸಿರು ಕಟ್ಟಿ ಸಾಯ್ಲಿ, ಎಂದು ಖಾಲ್ತಿ ಸುಣ್ಣದ ಬೊಡ್ಡೆಯನ್ನು ಎಮ್ಮೆಯ ಬೆನ್ನು ತಟ್ಟಿದ ಹಾಗೆ ತಟ್ಟಿದಳು, ತಟ್ಟಿದ್ದು ಉಲ್ಫಾಳ ಎದೆಗೆ ಬಡಿಯಿತು, ಆ ಸದ್ದು, ಮರದ್ದಲ್ಲ, ಒದ್ದೆ ಹಾಸಿಗೆಯದ್ದು. ಬೇಸಿಗೆಯ ಮೊದಲಿಗೆ ದಂಡೆಯ ಹತ್ತಿರದ ಕಾಫಿ ಅಂಗಡಿಯಲ್ಲಿ ಹೀಗೇ ಒಂದು, ಹಸಿರಾಗಿಯೇ ಇತ್ತಂತೆ, ಹಕ್ಕಿ ಕೂತಿದ್ದವಂತೆ, ಬಾಗಿಲು ತೆಗೆಯುವ ಮುಂಚೆ ಬಿತ್ತು, ಕುತ್ತಿಗೆಯಿಂದ ಕಳಚಿ ತಲೆ ಇಡಿಯಾಗಿ, ಅವಳು ಹೋಗಿ ನೋಡಿದಾಗ ಕಲ್ಲಿನ ಮೇಜು ಬಿಸ್ಕತ್ತಿನ ಹಾಗೆ ಮುರಿದಿತ್ತು, ಮುರಿದ ಕುತ್ತಿಗೆಯೊಳಗೆ ಹೆಬ್ಬೆರಳ ಗಾತ್ರದ ಬಿಳಿ ಮರಿಹುಳುಗಳು ಬಿಸಿಲಿಗೆ ನಾಚಿದ ಹಾಗೆ ಮುದುರಿಕೊಳ್ಳುತ್ತಿದ್ದವು, ಅಂಗಡಿಯವ ಒಂದೇ ಮಾತು ಹೇಳಿದ್ದ, ಅದು ಸದ್ದೇ ಮಾಡ್ಲಿಲ್ಲ ಮೇಡಂ, ಮೊದಲೇ ಏನೂ ಹೇಳ್ಲಿಲ್ಲ. ಮರ ಹೇಳುವುದಿಲ್ಲ. ಹೇಳಬೇಕಾದವಳು ಇಲ್ಲಿ ಸಿಹಿಯ ಡಬ್ಬಿ ಹಿಡಿದು ನಿಂತಿದ್ದಾಳೆ. ಕರೆಯದ ಮನೆಗೆ ಹೋಗಿ ನಾಡಿ ಹಿಡಿಯೋನು ವೈದ್ಯನಲ್ಲಮ್ಮ, ಕಳ್ಳ, ನಾವು ಸಲಹೆ ಕೊಡೋರು, ಕೇಳ್ದೋರಿಗೆ ಮಾತ್ರ, ಎನ್ನುತ್ತಾರೆ ಸೀ ಶೆದ್ಲಿ, ಕೆಲಸದಲ್ಲಿ ಅವಳ ಮೇಲಿನವರು, ಮೂವತ್ತು ವರ್ಷದಿಂದ ಊರೂರಿನ ಮರ ನೋಡಿದವರು, ಅವರು ಇಲ್ಲಿದ್ದಿದ್ದರೆ ಸಿಹಿ ತಿಂದು ದುವಾ ಹೇಳಿ ಹೋಗುತ್ತಿದ್ದರೇನೋ, ಇಲ್ಲ, ಅವರೂ ಮೇಲೆ ನೋಡುತ್ತಿದ್ದರು. ಇಳಿಬಿಸಿಲಿನ ಅಸರ್ ನಮಾಜಿನ ಹೊತ್ತಿಗೆ ಗಂಡಿನ ಕಡೆಯವರು ಬುಟ್ಟಿಗಳನ್ನು ಹೊತ್ತು ಬರುತ್ತಾರೆ, ದೋರ್ಸಾಫಳ ಅಪ್ಪ ತೀರಿಕೊಂಡು ಒಮ್ಮೆ ಮುಂದಕ್ಕೆ ಹೋದ ಮದುವೆ ಇದು, ಇನ್ನೊಂದು ವಿಘ್ನವೆಂದರೆ ಏನು ತಿಳಿದಾರು, ಮತ್ತೆ ತನ್ನದು ತಪ್ಪಾಗಿದ್ದರೆ? ಕಾಣುವ ಹಾಗೆ ಏನಿದೆ, ಸುಳಿ ತಂತಿಯ ಜುಟ್ಟಿನೊಳಗೆ ಮುಚ್ಚಿಹೋಗಿದೆ, ತೂತಿಗೆ ಗಿಲಾವು, ಗಾಯಕ್ಕೆ ಸುಣ್ಣ, ಮದುವೆಗೆ ಸಿಂಗರಿಸಿದ ಮುಖದಲ್ಲಿ ಜ್ವರ ಹುಡುಕುವುದು ಹೇಗೆ. ಕೇಳಬೇಕು. ಒಳಗೆ ಕಿವಿಯಿಟ್ಟು ಕೇಳಬೇಕು.

ಮರದೊಳಗಿನ ಸದ್ದು ಕೇಳಿಸುವ ಯಂತ್ರದ ಪೆಟ್ಟಿಗೆ ಕಾರಿನಲ್ಲಿದೆ, ಯಾವಾಗ ಹೋಗಿ ತಂದಳೋ, ಏನು ಹೇಳಿ ಹೊರಗೆ ಹೋದಳೋ, ಈಗ ದಬ್ಬಣದಂಥ ಉದ್ದ ಸೂಜಿ ಅವಳ ಕೈಯಲ್ಲಿದೆ, ಸೂಜಿಯಿಂದ ಹೊರಟ ವೈರು, ವೈರಿನ ತುದಿಗೆ ಹೆಡ್‌ಫೋನು, ಕುರ್ಚಿಯ ಹಿಂದೆ ನಿಂತಿದ್ದಾಳೆ, ಎಲ್ಲರೂ ನೋಡುತ್ತಿದ್ದಾರೆ, ಕುತ್ತಿಗೆಯ ಹಿಂದೆ ಬಿಸಿ ಏರುತ್ತಿದೆ, ಶಾಲೆಯಲ್ಲಿ ಕಪ್ಪುಹಲಗೆಯ ಮುಂದೆ ನಿಲ್ಲಿಸಿದಾಗ ಏರುತ್ತಿದ್ದ ಅದೇ ಬಿಸಿ. ಖಾಲ್ತಿ ಒಳಗೆ ಎಣ್ಣೆ ಕಾಯಿಸುತ್ತಿದ್ದಾಳೆ, ಒಳ್ಳೆಯದು, ಅವಳು ಬರುವುದರೊಳಗೆ. ಸೂಜಿ ಚುಚ್ಚಿದಳು, ತೀರ ಸುಲಭವಾಗಿ ಹೋಯಿತು, ಬೆಣ್ಣೆಗೆ ಹೋದ ಹಾಗೆ, ಅಷ್ಟು ಸುಲಭವಾಗಿ ಹೋಗಬಾರದಿತ್ತು, ಹೆಡ್‌ಫೋನು ಏರಿಸಿದಳು — ಢಮ್ಮಕ ಢಮ್, ಇಡೀ ಮರ ದರ್ಬೂಕ ಡೋಲಿನ ಪೆಟ್ಟಾಗಿ ಕಿವಿಗೆ ಬಿತ್ತು, ಹಾಡಿಗೆ ಕರೆಸಿದ ಮನ್ನೂಬಿಯಾ ಮೂಲೆಯಲ್ಲಿ ಕೂತು ಮಡಿಲಲ್ಲಿ ದರ್ಬೂಕ ಇಟ್ಟುಕೊಂಡು ಕೈ ಕಾಯಿಸುತ್ತಿದ್ದಾಳೆ, ಬಂಗಾರದ ಹಲ್ಲು, ಮರ್ಸಾದ ಅರ್ಧ ಊರನ್ನು ಮದುವೆ ಮಾಡಿಸಿದ ಬೆರಳು, ಸದ್ದಿನ ಒಳಗೆ ಬೇರೆ ಸದ್ದು ಎಲ್ಲಿ, ಬಾದಾಮಿಯ ಚಟಪಟ, ಯಾರೋ ಕೇಕೆ ಹಾಕುವುದನ್ನು ಕಲಿಸುತ್ತಿದ್ದಾರೆ, ನಾಲಿಗೆ ಹೀಗೆ ಹೊರಳಿಸೇ, ಹೀಗೆ, ಯಾರಿಗೋ ನಗು ತಡೆಯುತ್ತಿಲ್ಲ. ದಯವಿಟ್ಟು ಸ್ವಲ್ಪ — ಎಂದಳು ಉಲ್ಫಾ. ಯಾರಿಗೂ ಕೇಳಲಿಲ್ಲ. ಅವಳಿಗೇ ಕೇಳಲಿಲ್ಲ. ಸ್ವಲ್ಪ ಸುಮ್ಮನಿರ್ತೀರಾ. ಏನಂದೆ ಮರದ ಡಾಕ್ಟರಮ್ಮ, ಎಂದು ಮನ್ನೂಬಿಯಾ ಬಾರಿಸುತ್ತಲೇ ಕೂಗಿದಳು, ನಾಡಿ ಸಿಕ್ತಾ, ಎಷ್ಟು ತಿಂಗಳು, ಗಂಡೋ ಹೆಣ್ಣೋ? ಅಂಗಳವೆಲ್ಲ ನಗು, ಢಮ್ಮಕ ಢಮ್, ಹೆಣ್ಣಾದ್ರೆ ನನ್ನ ಹೆಸರಿಡೇ, ಢಮ್ಮಕ — ಅವಳ ಕಾಲು ನಡೆಯಿತು, ಅವಳು ನಡೆಸಲಿಲ್ಲ, ಕಾಲು ತಾನೇ ಅಂಗಳ ದಾಟಿತು, ಕೈ ತಾನೇ ಮುಂದೆ ಹೋಯಿತು, ದರ್ಬೂಕದ ಚರ್ಮದ ಮೇಲೆ ಅಂಗೈ ಊರಿತು. ಚರ್ಮ ಬೆಚ್ಚಗಿತ್ತು, ಒಳಗಿನಿಂದ ಕೊನೆಯ ಪೆಟ್ಟು ಇನ್ನೂ ಮಿಡಿಯುತ್ತಿತ್ತು. ಹಾಡುವವಳ ದರ್ಬೂಕದ ಮೇಲೆ ಇನ್ನೊಬ್ಬಳು ಕೈ ಇಡುವುದೆಂದರೆ, ಮದುವೆ ಮನೆಯಲ್ಲಿ, ಯಾರೂ ಇಡುವುದಿಲ್ಲ, ಅದು ಅಡುಗೆಗೆ ಉಗುಳಿದ ಹಾಗೆ. ನಗು ನಿಂತಿತು. ಮನ್ನೂಬಿಯಾ ಅವಳ ಮುಖ ನೋಡಿದಳು, ಕೈ ನೋಡಿದಳು, ಬಂಗಾರದ ಹಲ್ಲು ಒಳಗೆ ಹೋಯಿತು, ಸುಮ್ನಿರ್ರೇ ಎಲ್ಲಾ, ಉಸಿರೂ ಬಿಡ್ಬೇಡಿ, ಎಂದು ಒಂದೇ ಗದರು ಗದರಿದಳು. ಉಲ್ಫಾ ಮರದ ಹತ್ತಿರ ಮರಳಿದಳು, ಹೆಡ್‌ಫೋನು ಮತ್ತೆ ಏರಿಸಿ, ಕಣ್ಣು ಮುಚ್ಚಿ, ಬಾಯಿ ತೆರೆದು ನಿಂತಳು, ತೆರೆದೇ ಇಡಬೇಕು, ಒಮ್ಮೆ ಶಾಲೆಯ ಮರದಲ್ಲಿ ಹುಳು ಅಗಿಯುವುದು ಕೇಳಿಸಿತೆಂದು ಕುಣಿದಿದ್ದಳು, ಅದು ತನ್ನದೇ ಹಲ್ಲು ಕಡಿಯುವ ಸದ್ದಾಗಿತ್ತು, ಸೀ ಶೆದ್ಲಿ ವಾರವೆಲ್ಲ ನಕ್ಕಿದ್ದರು, ಬಾಯಿ ತೆರೆದು, ಬಾವಿಗೆ ಬಗ್ಗಿದವಳ ಹಾಗೆ, ಮೊದಲು ಏನೂ ಇಲ್ಲ, ಸಮುದ್ರದ ಕಡೆಯ ಗಾಳಿ ಗರಿಗಳಲ್ಲಿ ಹೊಕ್ಕು ಹೊರಡುವುದು, ತಂತಿ ಕಟಾಂಜನಕ್ಕೆ ಉಜ್ಜುವ ಕಿರುಗು, ಇಲ್ಲದಿರಲಿ, ದೇವರೇ, ಇಲ್ಲದಿರಲಿ, ನಾನು ಹುಚ್ಚಿ ಅಂತಲೇ ಆಗಲಿ — ಆಮೇಲೆ ಅದು. ಹಸಿ ಕಬ್ಬು ಜಗಿದ ಹಾಗೆ. ಇಲ್ಲಿ. ಸ್ವಲ್ಪ ಮೇಲೆ. ಇನ್ನೊಂದು ಕಡೆ. ನೂರು ಬಾಯಿ, ಅವಸರವಿಲ್ಲದೆ, ಒಂದಕ್ಕೊಂದು ಮಾತಾಡದೆ, ಪಂಕ್ತಿಯಲ್ಲಿ ಕೂತು ಉಣ್ಣುವವರ ಹಾಗೆ. ಕಣ್ಣು ತೆರೆದಾಗ ಎದುರಿಗೆ ಕೆಂಪು ಟವೆಲು, ಅದರ ಅಂಚು ನೀಲಿ ಕಂಬಿಯ ಮೇಲೆ ಇರಲಿಲ್ಲ, ಕಂಬಿಗೂ ಅಂಚಿಗೂ ನಡುವೆ ಒಂದು ಬೆರಳ ಬಿಳಿ ಗೋಡೆ, ಗಾಳಿ ಇರಬೇಕು, ಗಾಳಿಗೆ ಎದ್ದಿರಬೇಕು.

ಯಾಕೆ ಎಲ್ಲಾ ಸತ್ತೋರ ಮನೆ ಥರ ಸುಮ್ಮನಾದ್ರಿ, ಎನ್ನುತ್ತ ಬೆಯಾ ಖಾಲ್ತಿ ಕೈಯಲ್ಲಿ ಜಾಲರಿ ಸೌಟು ಹಿಡಿದೇ ಹೊರಗೆ ಬಂದಳು, ಸೂಜಿ ನೋಡಿದಳು, ಸೂಜಿ ಹೋದ ಕಡೆಯಿಂದ ಸುಣ್ಣದ ಮೇಲೆ ಇಳಿಯುತ್ತಿದ್ದ ಕಂದು ರಸ ನೋಡಿದಳು, ನನ್ನ ಮನೇಲಿ, ಇವತ್ತು, ನನ್ನ ಮಗಳ ಮದರಂಗಿ ದಿವಸ, ನಿಂಗೆ ಉಣ್ಣಕ್ಕೆ ಹಾಕಿದ ಕೈ ಇದು ಉಲ್ಫಾ. ಉಲ್ಫಾ ಹೆಡ್‌ಫೋನು ತೆಗೆದು ಖಾಲ್ತಿಯ ಕಿವಿಗೆ ಇಟ್ಟಳು. ಖಾಲ್ತಿ ಕೇಳಿದಳು. ಮುಖದಲ್ಲಿ ಏನೋ ಇಳಿದುಹೋಯಿತು, ಮತ್ತೆ ಎಳೆದು ಕಟ್ಟಿದ ಹಾಗೆ ನೆಟ್ಟಗಾಯಿತು, ಇದು ನನ್ನ ಬಾಣಲೆ ಎಣ್ಣೆ ಸದ್ದು ಕಣೇ, ಎಂದಳು. ಒಲೆ ಆರ್ಸ್ರೇ ಒಳಗೆ, ಎಂದಳು ಮನ್ನೂಬಿಯಾ. ಒಲೆ ಆರಿತು. ಖಾಲ್ತಿ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೇ ಇದ್ದಳು, ಸೌಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು, ನಿನ್ನ ಯಂತ್ರ ಸುಳ್ಳು, ಎಂದಳು, ದನಿ ಮಾತ್ರ ಸಣ್ಣದಾಗಿತ್ತು. ಆಗ ದೋರ್ಸಾಫ್ ಬಂದಳು, ತಲೆಗೆ ಸುತ್ತಿದ ಬಟ್ಟೆ ಕಿತ್ತೆಸೆದು, ಒದ್ದೆ ಕೂದಲು ಬೆನ್ನಿಗೆ ಅಂಟಿಕೊಂಡು, ಇಲ್ಲಿ ಕೊಡಮ್ಮ, ಎಂದು ಕಿತ್ತುಕೊಂಡು ತನ್ನ ಕಿವಿಗೆ ಹಾಕಿಕೊಂಡಳು, ಕೇಳುತ್ತ ಕೇಳುತ್ತ ಅವಳ ಕಣ್ಣು ಕುರ್ಚಿಯ ಮೇಲೆ ಹೋಗಿ ನಿಂತಿತು, ಅಮ್ಮಾ, ತಿಂತಾ ಇದೆ, ಎಂದಳು. ಬೀಳುತ್ತೆ, ಎಂದಳು ಉಲ್ಫಾ. ಹೇಳಿಬಿಟ್ಟಳು, ಇಷ್ಟೇ ಇತ್ತೇ ಅದು, ಮೂರೇ ಅಕ್ಷರದ ಮಾತು. ಯಾವಾಗ, ಎಂದಳು ಖಾಲ್ತಿ. ಗೊತ್ತಿಲ್ಲ. ಇವತ್ತೇ ಬೀಳತ್ತಾ? ಹಾಗಂತ ಹೇಳಕ್ಕಾಗಲ್ಲ. ನಾಳೇನಾ? ಗೊತ್ತಿಲ್ಲ ಖಾಲ್ತಿ. ಗೊತ್ತಿಲ್ಲ ಅಂದ್ಮೇಲೆ ಬಾಯಿ ಮುಚ್ಕೊಂಡಿರಬಹುದಿತ್ತಲ್ಲ, ನಾಳೆ ಹೇಳಬಹುದಿತ್ತಲ್ಲ, ಒಂದು ದಿನ, ಒಂದೇ ಒಂದು ದಿನ ಕಣೇ. ನಾನು ಬೀದೀಲಿ ಕೂತ್ಕೋತೀನಿ, ಎಂದಳು ದೋರ್ಸಾಫ್, ಹೆಡ್‌ಫೋನು ಇಳಿಸದೆ, ಕಿವುಡರ ಹಾಗೆ ಜೋರಾಗಿ. ಮದುಮಗಳನ್ನ ಬೀದೀಲಿ ಕೂರಿಸ್ತಾರೇನೇ, ಎಂದಳು ಯಾವಳೋ. ಕೂರಿಸಿದ್ರೇನಾಯ್ತು, ಎಂದಳು ಮನ್ನೂಬಿಯಾ, ದರ್ಬೂಕ ಕಂಕುಳಿಗೆ ಏರಿಸಿ, ಬಂದೋರಿಗೆ ಹೇಳ್ತೀನಿ, ನಮ್ಮ ಹುಡುಗಿ ಚೆಲುವು ಅಂಗಳದಲ್ಲಿ ಹಿಡೀಲಿಲ್ಲ ಸ್ವಾಮೀ, ಬೀದಿಗೆ ಉಕ್ಕಿ ಬಂತು ಅಂತ, ಏಳ್ರೇ, ಚಾಪೆ ಎತ್ತಿ, ಮಕ್ಕಳನ್ನ ಎತ್ತಿ, ಬಾದಾಮಿ ಬಿಡ್ಬೇಡಿ ಮಾತ್ರ. ಅಂಗಳ ಖಾಲಿಯಾಗುತ್ತಿದೆ, ಚಾಪೆ, ತಟ್ಟೆ, ಧೂಪದ ಮಡಕೆ, ಗೋಡೆಗುಂಟ ಸರಿಯಿರಿ, ನಡುವೆ ಬೇಡ, ಗೋಡೆಗುಂಟ, ಎನ್ನುತ್ತಿದ್ದಾಳೆ ಉಲ್ಫಾ, ಯಾರ ದನಿ ಇದು, ತನ್ನದೇ, ಈಗ ಓಣಿಯಲ್ಲಿ ದರ್ಬೂಕ ಶುರುವಾಗಿದೆ, ಅಂಗಳದಲ್ಲಿ ಬಿಸಿಲು, ನೆರಳು, ಕುರ್ಚಿ. ಮರ ನಿಂತೇ ಇದೆ. ಎಷ್ಟು ಚೆಂದ ನಿಂತಿದೆ, ಸುಣ್ಣ ಬಳಿದುಕೊಂಡು, ಏನೂ ಆಗಿಲ್ಲವೆಂಬಂತೆ, ನಾಳೆಯೂ ನಿಂತಿರುತ್ತದೆಯೇನೋ, ಮುಂದಿನ ವಾರವೂ, ಓಣಿಯೆಲ್ಲ ಅವಳನ್ನು ನೋಡುತ್ತದೆ, ಬೀಳಲಿ ಅನ್ನಿಸಿತು, ಬಿದ್ದೇ ಬಿಡಲಿ, ಈಗಲೇ, ಎಲ್ಲರೂ ನೋಡಲಿ — ಛೀ, ಉಂಡ ಮನೆಯ ಮರ ಬೀಳಲಿ ಎಂದು ಬೇಡುವವಳು ತಾನು, ಅನ್ನ ನೆನಪಾಯಿತು, ಅವಳ ತಟ್ಟೆಗೆ ಖಾಲ್ತಿ ಸದಾ ತಳದ ಗಟ್ಟಿ ಬಡಿಸುತ್ತಿದ್ದದ್ದು. ಅಷ್ಟರಲ್ಲಿ ಬೆಯಾ ಖಾಲ್ತಿ ಅವಳನ್ನು ಸವರಿಕೊಂಡು ಒಳಗೆ ಹೋದಳು, ಮುಖ ನೋಡದೆ, ಗೋಡೆಗುಂಟ ಅಲ್ಲ, ನಡುಮಧ್ಯದಲ್ಲಿ, ನೇರ ಮರದ ಅಡಿಗೆ, ಕುರ್ಚಿ ಇಲ್ಲದೆ ನನ್ನ ಮಗಳು ನೆಲದ ಮೇಲೆ ಕೂರ್ಬೇಕಾ, ಎಂದು ಕುರ್ಚಿಯ ಎರಡೂ ತೋಳು ಹಿಡಿದು ಎಳೆದಳು, ಅದು ಭಾರ, ಕಾಲು ಹಾಸುಗಲ್ಲಿಗೆ ಸಿಕ್ಕಿಕೊಂಡಿತು, ಎಳೆದಳು, ಬರಲಿಲ್ಲ, ಬೇಡ ಖಾಲ್ತಿ, ಎಂದು ಕೂಗಿದಳು ಉಲ್ಫಾ, ಖಾಲ್ತಿ ಎಳೆಯುತ್ತಲೇ ಇದ್ದಳು, ಮೂಗಿನ ತುದಿಯಲ್ಲಿ ನೀರು, ಬೆವರೋ ಅಳುವೋ, ಮೇಲೆ ತಂತಿ ಕಿರುಗುಟ್ಟಿತು. ಉಲ್ಫಾ ಓಡಿದಳು. ಮರದ ಅಡಿಗೆ ಓಡಿದಳು, ಸಿಹಿಹುಳಿ ವಾಸನೆಯ ಒಳಗೆ, ನೆರಳಿನ ತಂಪಿನ ಒಳಗೆ, ಬಗ್ಗಿ ಕುರ್ಚಿಯ ಕಾಲು ಬಿಡಿಸಿದಳು, ಇನ್ನೊಂದು ಬದಿ ಎತ್ತಿದಳು, ನಡೀ ಖಾಲ್ತಿ, ನಡೀ, ಇಬ್ಬರ ನಡುವೆ ಹೊಂಬಣ್ಣದ ಖಾಲಿ ಕುರ್ಚಿ, ಹೆಣ ಹೊತ್ತವರ ಹಾಗೆ, ಅಲ್ಲ, ಪಲ್ಲಕ್ಕಿ ಹೊತ್ತವರ ಹಾಗೆ, ಹೆಜ್ಜೆ ಹೊಂದುವುದಿಲ್ಲ, ಖಾಲ್ತಿ ಮುಂದೆ, ಅವಳು ಹಿಂದೆ, ಹೊಸಿಲು, ಎಡವಿದಳು, ದಾಟಿದಳು. ಕುರ್ಚಿ ಓಣಿಯ ಕಲ್ಲಿನ ಮೇಲೆ ಕೂತಿತು. ಕೇಕೆ ಎದ್ದಿತು, ದೋರ್ಸಾಫ್ ಒದ್ದೆ ಕೂದಲಲ್ಲೇ ಬಂದು ಕೂತಳು, ಯಾರೋ ಶಾಲು ಹೊದಿಸಿದರು, ತಿರುವಿನಲ್ಲಿ ಗಂಡಿನ ಕಡೆಯವರ ತುತ್ತೂರಿ ಕೇಳಿಸುತ್ತಿದೆ, ಖಾಲ್ತಿ ಅವಳ ಕಡೆ ನೋಡಲಿಲ್ಲ, ಆದರೆ ಕುರ್ಚಿಯ ತೋಳಿನಿಂದ ತೆಗೆದ ಕೈಯನ್ನು ಹಿಂದಕ್ಕೆ ಚಾಚಿ ಉಲ್ಫಾಳ ಮಣಿಕಟ್ಟು ಹಿಡಿದಳು, ನೋಯುವಷ್ಟು ಗಟ್ಟಿಯಾಗಿ, ಬಿಡಲಿಲ್ಲ, ಸಿಟ್ಟೋ ಏನೋ, ಎಣ್ಣೆಯ ಜಿಗುಟು, ಸುಣ್ಣದ ಒರಟು. ಉಲ್ಫಾ ಬಾಗಿಲಿನ ಒಳಗೆ ನೋಡುತ್ತಿದ್ದಾಳೆ. ಗಾಳಿ ನಿಂತಿದೆ. ಗರಿಯೊಂದೂ ಅಲುಗುತ್ತಿಲ್ಲ, ಗಾಳಿಯಿಲ್ಲ, ಟವೆಲು ಎತ್ತಲೂ ಹಾರದೆ ನೆಟ್ಟಗೆ ಇಳಿಬಿದ್ದಿದೆ, ಹನಿ ನಿಂತಿದೆ, ಅವಳು ಬಂದಾಗ ತಂತಿ ಜೋತುಬಿದ್ದಿತ್ತು, ಈಗ ಮರದ ಕಡೆಗೆ ಬಿಗಿದು ಗೆರೆ ಎಳೆದ ಹಾಗೆ, ಅಂಚಿಗೂ ಕಂಬಿಗೂ ನಡುವೆ ಒಂದು ಗೇಣು ಬಿಳಿ ಗೋಡೆ, ದರ್ಬೂಕ, ತುತ್ತೂರಿ, ಯಾರೋ ಅವಳನ್ನು ಕರೆಯುತ್ತಿದ್ದಾರೆ, ಒಂದು ಗೇಣಲ್ಲ, ಒಂದು ಮೊಳ, ಕೆಂಪು ಟವೆಲು ಮೇಲಕ್ಕೆ ಹೋಗುತ್ತಿದೆ, ಯಾರೂ ಎಳೆಯದೆ, ನಿಧಾನವಾಗಿ, ಕಿಟಕಿಯ ಕಮಾನು ದಾಟಿ, ಬಿಳಿ ಗೋಡೆಯ ಮೇಲೆ, ಕೆಂಪು, ಮೇಲಕ್ಕೆ